ಒರಳು ಅನ್ನಿ, ರೋಲು ಅನ್ನಿ

ನಿನ್ನೆ ಅಂಗಳದ ಒರಳಿನಾಗ ಒಣ ಮೆಣಸಿಕಾಯಿ, ಬಳ್ಳೊಳ್ಳಿ ಹಾಕಿ ಕುಟ್ಟುತ್ತಿದ್ದೆ. ಘಾಟಿಗೆ ಕಣ್ಣಾಗ ನೀರು ಬಂದವು. ಪಕ್ಕದಾಗ ಕುಂತ ಮೊಮ್ಮಗಳು, ಒಳಗ ಚಪಾತಿ ಬೇಯುತ್ತಿದ್ದ ಕಡೆ ಕೈ ಚಾಚಿ, "ಪಚಾತಿ" ಅಂದಳು. ನಾಲ್ಕು ವರ್ಷ ತುಂಬಿದರೂ ತುಟಿ ಬಿಚ್ಚದ ಕೂಸು. ಅದರ ಮೊದಲನೇ ಮಾತು ಇದು. ನನ್ನ ಕೈಯಾಗಿನ ಗುಂಡು ಹಂಗೇ ನಿಂತಿತು. ಆಗ ನೆನಪಾದಾಕಿ ಬಾಜೂ ಮನಿ ಅತ್ತಿ... ಈ ಒರಳು ಆಕಿದೇ.

ನಾನು ಸಣ್ಣಾಕಿದ್ದಾಗ ನಾವು ತೆಲುಗು ಗಡಿಯಾಗಿನ ಉಟ್ಕೂರಿನಾಗ ಇದ್ದೆವು. ಅತ್ತಿ ಗದ್ವಾಲ ಕಡೆಯಿಂದ ಮದುವಿಯಾಗಿ ಬಂದಾಕಿ, ಮನಿಮಾತು ತೆಲುಗು. ನನ್ನ ಮಾತು ತಿರುವುಮುರುವು. ಮೆಣಸಿಕಾಯಿಗೆ ಮೆಸಣಿಕಾಯಿ ಅಂತಿದ್ದೆ. ಮನ್ಯಾಗ ಎಲ್ಲರೂ ನಗುತ್ತಿದ್ದರು. ಬೀಗರು ಬಂದರೆ ಅವರ ಮುಂದೂ ಅನ್ನಿಸಿ ನಗುತ್ತಿದ್ದರು. ಕಡೀಗೆ ನಾನು ಮಾತಾಡೋದೇ ಬಿಟ್ಟೆ. ಯಾರು ಏನು ಕೇಳಿದರೂ ತಲೆ ಆಡಿಸೋದು, ಅಷ್ಟೆ.

ಅತ್ತಿ ಮಾತ್ರ ನನ್ನನ್ನ ತನ್ನ ಒರಳಿನ ಹತ್ತಿರ ಕೂಡಿಸಿಕೊಂಡು, "ಮೆಸಣಿಕಾಯಿ ಕೊಡವ್ವ" ಅಂತಿದ್ದಳು. ಮಾರಿ ಮ್ಯಾಲೆ ನಗು ಇರುತ್ತಿರಲಿಲ್ಲ. ಒಂದಿನ ನಮ್ಮವ್ವ ಜಗಳಕ್ಕೇ ಬಂದಳು.

"ನೀನೂ ಹಿಂಗ ಅಂದರ ಇಕಿ ನೆಟ್ಟಗ ಮಾತಾಡೋದು ಯಾವಾಗ?"

ಅತ್ತಿ ಕುಟ್ಟೋದು ನಿಲ್ಲಿಸಲಿಲ್ಲ. "ಅಕ್ಕಾ, ಇದಕ್ಕ ನೀವು ಒರಳು ಅಂತೀರಿ, ನಾವು ರೋಲು. ನಿಮ್ಮ ಮಾತಿನಾಗ ಒಳಗ ಕುಂತ 'ರ' ನಮ್ಮ ಮಾತಿನಾಗ ಎದ್ದು ಬಾಗಿಲಿಗೆ ಬಂದೈತಿ. ಯಾವ ಕಾಲದಾಗೋ ಯಾವುದೋ ಕೂಸು ಹಿಂಗ ಅಂದಿರಬೇಕ್ರಿ. ಅದರವ್ವ ನಕ್ಕಿರಲಿಕ್ಕಿಲ್ಲ."

"ಹಂಗಾದರ ನಾಳಿಂದ ಊರೆಲ್ಲ ಮೆಸಣಿಕಾಯಿ ಅನ್ನಲಿ ಬಿಡು," ಅಂತ ಅವ್ವ ಗೊಣಗಿಕೊಂಡು ಹೋದಳು.

ನಾನು ಮತ್ತೆ ಮಾತಾಡಾಕ ಹತ್ತಿದ್ದು ಆ ಒರಳಿನ ಮುಂದೆಯೇ. ಮಾತು ನೆಟ್ಟಗಾದದ್ದು ಯಾವಾಗ, ನನಗೂ ತಿಳಿಯಲಿಲ್ಲ...

ಗಂಡ ತೀರಿಕೊಂಡ ಮೇಲೆ ಅತ್ತಿ ತವರಿಗೆ, ಗದ್ವಾಲ ಹತ್ತಿರದ ವಡ್ಡೆಪಲ್ಲಿಗೆ ಹೊರಟಳು. ಒರಳು ಬಸ್ಸಿನಾಗ ಒಯ್ಯಾಕ ಆಗಲಿಲ್ಲ. "ನಿನಗಿರಲಿ" ಅಂದಳು. ನನ್ನ ಮದುವಿಯಾದಾಗ ಅದು ನನ್ನ ಜೊತೆ ಮಕ್ತಲಕ್ಕೆ ಬಂತು. ಅತ್ತಿ ತೀರಿದ ಸುದ್ದಿ ನನಗೆ ಮುಟ್ಟುವಾಗ ಮಣ್ಣಾಗಿ ಬಹಳ ದಿನ ಆಗಿತ್ತು...

ನಿನ್ನೆ ಕೂಸಿನ ದನಿ ಕೇಳಿ ಮಗ ಓಡಿ ಬಂದ. ಕಣ್ಣು ಒರೆಸಿಕೊಳ್ಳುತ್ತ, "ಚಪಾತಿ ಅನ್ನವ್ವ, ಚ... ಪಾ... ತಿ" ಅಂದ. ಕೂಸು ಬಾಯಿ ಮುಚ್ಚಿಕೊಂಡಿತು.

"ನೀ ಸುಮ್ಮನಿರೋ," ಅಂದೆ. ಒಳಗಿಂದ ಬಿಸಿ ಚಪಾತಿ ತಂದು, ಮುರಿದು, ಚಟ್ನಿ ತುಸುವೇ ಹಚ್ಚಿ ಅದರ ಕೈಗೆ ಕೊಟ್ಟೆ. "ತಗೋವ್ವ, ಪಚಾತಿ."

ಕೂಸು ನನ್ನ ಮಾರಿ ನೋಡಿತು. ನಾನು ನಗಲಿಲ್ಲ. "ಪಚಾತಿ," ಅಂತು ಇನ್ನೊಮ್ಮೆ.

ಇದನ್ನ ಅತ್ತಿಗೆ ಹೇಳಬೇಕಿತ್ತು... ಹೇಳಾಕ ಆಕಿಯಿಲ್ಲ. ಒರಳಿನ ಅಂಚು ಸೆರಗಿನಿಂದ ಒರೆಸಿ ಎದ್ದೆ.