ತಮ್ಮನ ಎಳವೆಯ ಜ್ವರ ಮತ್ತು ಹಡಗಲಿಯ ದಾರಿ

ಗುಡೇಕೋಟೆಯಿಂದ ಮೊದಲ ಬಸ್ಸು ಹಿಡಿದು ಕೂಡ್ಲಿಗಿಗೆ ಬಂದಾಗ ಮೋಡ ಕವಿದು ತಣ್ಣಗಿತ್ತು. ಜೊತೆಗಿದ್ದವನು ತಮ್ಮ ಮೈಲಾರಿ. ಕೊಟ್ಟೂರಿನ ಬಸ್ಸಿನಲ್ಲಿ ಹೆಂಗಸಾದ ನನಗೆ ಪ್ರಯಾಣ ಉಚಿತ, ಅವನಿಗೆ ಮಾತ್ರ ಟಿಕೆಟ್. ಬೇರೆ ದಿನವಾಗಿದ್ದರೆ ಅದಕ್ಕೊಂದು ತಮಾಷೆ ಮಾಡುತ್ತಿದ್ದ. ಅಂದು ಶೇಂಗಾ ಹೊಲಗಳನ್ನೇ ನೋಡುತ್ತ ಕುಳಿತಿದ್ದ.

ಅವನಿಗೆ ಒಂದೂವರೆ ವರ್ಷವಿದ್ದಾಗ ಜ್ವರ ನೆತ್ತಿಗೇರಿ ಫಿಟ್ಸ್ ಬಂದಿತ್ತು. ಅವ್ವನ ಮಡಿಲಲ್ಲಿ ಅವನ ಕೈಕಾಲು ಸೆಟೆದು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅಪ್ಪ ಯಾರದೋ ಟ್ರ್ಯಾಕ್ಟರ್ ಹತ್ತಿಸಿ ಕೂಡ್ಲಿಗಿಗೆ ಒಯ್ದ. ಆಸ್ಪತ್ರೆ ಮುಟ್ಟಿದಾಗಲೂ ಸೆಳೆತ ನಿಂತಿರಲಿಲ್ಲ. ಸೂಜಿ ಚುಚ್ಚಿದ ಮೇಲೆ ನಿಂತದ್ದು ಆಮೇಲೆ ಎಂದೂ ಮರಳಿ ಬರಲಿಲ್ಲ. ಊರಿನ ಮಾತು ಮಾತ್ರ ಉಳಿಯಿತು. ಅವನು ಚೀಲ ಮರೆತರೂ ಸರಿ, ಕೊಡೆ ಮರೆತರೂ ಸರಿ, "ಪಾಪ, ಜ್ವರ ತಲಿಗೆ ಹೊಡೆದಿತ್ತಲ್ಲ" ಎನ್ನುವರು.

ಈಗ ಮೈಲಾರಿ ಪಂಪ್‌ಸೆಟ್ ಮೋಟಾರು ರಿಪೇರಿಯ ಸ್ವಂತ ಅಂಗಡಿ ಇಟ್ಟಿದ್ದಾನೆ. ಹಡಗಲಿಯ ರೇಣುಕಾಳ ಜೊತೆ ಮದುವೆ ಮಾತಾಗಿತ್ತು. ಅಷ್ಟರಲ್ಲಿ ಯಾರೋ ಹಳೆಯ ಜ್ವರದ ಸಂಗತಿಯನ್ನು ಅವಳ ಅಪ್ಪ ಬಸವರಾಜಪ್ಪನವರ ಕಿವಿಗೆ ಹಾಕಿದರು. "ಡಾಕ್ಟರಿಗೆ ತೋರಿಸ್ಕೊಂಡು ಬರ್ರಿ, ಆಮ್ಯಾಲ ಮಾತಾಡೋಣ" ಎಂದು ಅವರಿಂದ ಫೋನು ಬಂತು. ಅದಕ್ಕೇ ಈ ಪ್ರಯಾಣ.

ಕೊಟ್ಟೂರಿನಲ್ಲಿ ಇಳಿದು ಒಗ್ಗರಣೆ ಮಂಡಕ್ಕಿ ಹೇಳಿದೆ. ಮೈಲಾರಿ ತಟ್ಟೆ ಮುಟ್ಟಲಿಲ್ಲ.

"ಅಕ್ಕ, ಖರೇನ ತಲ್ಯಾಗ ಏನರ ಕೆಟ್ಟಿದ್ರ?"

"ಕೆಟ್ಟಿದ್ರ ಇಷ್ಟು ವರ್ಷ ನಿನಗ ಗೊತ್ತಾಗ್ತಿರಲಿಲ್ಲೇನು?"

"ನನಗ ಹೆಂಗ ಗೊತ್ತಾಗಬೇಕು? ವಿಚಾರ ಮಾಡೋದೂ ಅದೇ ತಲೀನ ಅಲ್ಲೇನು?"

ಹೆಣ್ಣಿನ ಮನೆಯವರಿಗಿಂತ ಅವನಿಗೇ ಹೆಚ್ಚು ಹೆದರಿಕೆ ಎಂಬುದು ನನಗೆ ಗೊತ್ತಾದದ್ದು ಅಲ್ಲಿಯೇ.

ಹರಪನಹಳ್ಳಿಯವರೆಗೆ ರಸ್ತೆಯ ಎರಡೂ ಬದಿ ಮೆಕ್ಕೆಜೋಳ ತೆನೆ ಕಟ್ಟಿ ನಿಂತಿತ್ತು. ನರರೋಗದ ಡಾಕ್ಟರಮ್ಮ ದಾವಣಗೆರೆಯಿಂದ ಆಗಾಗ ಅಲ್ಲಿಗೆ ಬರುತ್ತಾರೆ. ಅವರು ಮೈಲಾರಿಯನ್ನು ನಡೆಸಿ ನೋಡಿದರು, ಮೊಣಕಾಲಿಗೆ ಮೆಲ್ಲಗೆ ತಟ್ಟಿದರು, ಕೆಲಸ, ನಿದ್ದೆ, ನೆನಪು ಎಲ್ಲ ವಿಚಾರಿಸಿದರು. ಆಮೇಲೆ ಕನ್ನಡಕ ತೆಗೆದಿಟ್ಟು ಹೇಳಿದರು:

"ನೋಡಪ್ಪಾ, ಮಿದುಳಿನಲ್ಲಿ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸೋ ಸಂಧಿಗಳಿವೆ. ಸಿನಾಪ್ಸ್ ಅಂತೀವಿ. ಎಳೆ ಮಗುವಿನಲ್ಲಿ ಅವು ಬೇಕಾದ್ದಕ್ಕಿಂತ ಹೆಚ್ಚೇ ಹುಟ್ತವೆ. ಬಳಸಿದ್ದು ಗಟ್ಟಿಯಾಗುತ್ತೆ, ಬಳಸದೇ ಇದ್ದದ್ದು ಕಳಚಿಕೊಳ್ಳುತ್ತೆ. ಅದೇ ಹೊತ್ತಲ್ಲಿ ಜ್ವರದ ಫಿಟ್ಸ್ ಬಹಳ ಹೊತ್ತು ಹಿಡಿದರೆ ಈ ಸಂಧಿಗಳಲ್ಲಿ ಏರುಪೇರು ಆಗಬಹುದು. ಇಲಿಗಳ ಮೇಲೆ ಪ್ರಯೋಗ ಮಾಡಿ ಅದನ್ನ ನೋಡಿದ್ದಾರೆ. ಆದರೆ ಬಹಳಷ್ಟು ಮಕ್ಕಳು ಏನೂ ಆಗದೆ ಚೆನ್ನಾಗೇ ಬೆಳೀತಾರೆ."

"ನನ್ನ ತಲ್ಯಾಗ ಆಗೈತೇನ್ರಿ?"

"ಅವತ್ತು ಒಳಗೆ ಏನಾಯ್ತು ಅಂತ ಇವತ್ತು ಯಾರೂ ಹೇಳೋಕಾಗಲ್ಲ. ಮತ್ತೆ ಫಿಟ್ಸ್ ಬಂದಿಲ್ಲ, ಕೈಕಾಲು, ಮಾತು, ನೆನಪು ಎಲ್ಲಾ ಸರಿ ಇದೆ. ಸ್ಕ್ಯಾನೂ ಬೇಡ, ಮಾತ್ರೆನೂ ಬೇಡ. ಹೋಗಿ ಮದುವೆ ಮಾಡ್ಕೋ."

ಹೊರಗೆ ಬಂದವನೇ ಮೈಲಾರಿ ನಲ್ಲಿಗೆ ಮುಖವೊಡ್ಡಿ ನಿಂತ. ಬಹಳ ಹೊತ್ತು ತೊಳೆದುಕೊಂಡ. ಅಳುತ್ತಿದ್ದನೇನೋ, ನಾನು ಕೇಳಲಿಲ್ಲ.

ಹಡಗಲಿಗೆ ಹೋಗುವ ಬಸ್ಸಿನಲ್ಲಿ ಸೀಟು ಸಿಗಲಿಲ್ಲ, ಅರ್ಧ ದಾರಿ ನಿಂತೇ ಹೋದೆವು. ಬಸವರಾಜಪ್ಪನವರು ಮಲ್ಲಿಗೆ ತೋಟದಿಂದ ಆಗಷ್ಟೇ ಮನೆಗೆ ಬಂದಿದ್ದರು. ಡಾಕ್ಟರಮ್ಮ ಹೇಳಿದ್ದನ್ನು, ಇಲಿಗಳ ಮಾತೂ ಸೇರಿ, ಒಂದೂ ಬಿಡದೆ ಒಪ್ಪಿಸಿದೆ. ಅವರು ಗಲ್ಲ ಉಜ್ಜಿಕೊಳ್ಳುತ್ತ ಕುಳಿತರು. ಚಹಾ ಕೆನೆಗಟ್ಟಿತು.

ಅಡುಗೆಮನೆಯ ಬಾಗಿಲಿಂದ ರೇಣುಕಾ ಕೇಳಿದಳು: "ಅಕ್ಕಾರ, ಮುಂದ ನಮ್ಮ ಮಕ್ಕಳಿಗೆ ಹಂಗ ಜ್ವರ ಬಂದ್ರ ಏನ್ ಮಾಡಬೇಕಂತ ಕೇಳಿದ್ರೇನ್ರಿ?"

'ನಮ್ಮ ಮಕ್ಕಳು' ಎಂಬುದು ಬಾಯಿಂದ ಜಾರಿದ್ದು ಅವಳಿಗೂ ಗೊತ್ತಾಗಿ ಒಳಗೆ ಓಡಿದಳು. ಬಸವರಾಜಪ್ಪನವರು ಗಟ್ಟಿಯಾಗಿ ನಕ್ಕು, "ಮಗಳು ಮಕ್ಕಳತನಕ ಹೋಗ್ಯಾಳ, ಇನ್ನ ನಾ ಏನ್ ಹೇಳಲಿ? ಊಟ ಮಾಡೇ ಹೋಗಬೇಕು, ಏಳ್ರಿ" ಎಂದರು. ಮೈಲಾರಿಯ ಕಿವಿಗಳು ಕೆಂಪಾಗಿದ್ದವು.

ವಾಪಸು ಬರುವಾಗ ಹಗರಿಬೊಮ್ಮನಹಳ್ಳಿಯಲ್ಲಿ ಕೂಡ್ಲಿಗಿ ಬಸ್ಸಿಗೆ ಕಾದೆವು. ಸಣ್ಣಗೆ ಹನಿ ಬೀಳುತ್ತಿತ್ತು. ಬೆಂಚಿನ ಮೇಲೆ ಯೋಚಿಸುತ್ತ ಕೂತಿದ್ದ ಮೈಲಾರಿ ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿದ.

"ಅಕ್ಕ, ಹಂಗಾರ ನಾ ಹತ್ತನೇ ಕ್ಲಾಸಿನ ಗಣಿತದಾಗ ಫೇಲಾಗಿದ್ದು ಜ್ವರದಿಂದ ಅಲ್ಲೇನು?"

"ಅಲ್ಲಲೇ. ಪುಸ್ತಕಾನ ತೆಗೀಲಿಲ್ಲ, ಅದಕ್ಕ ಫೇಲಾದಿ."

"ಅಷ್ಟೇ ಏನು!" ಎಂದ. ಫೇಲಾದದ್ದಕ್ಕೆ ಅಷ್ಟು ಖುಷಿಪಟ್ಟ ಇನ್ನೊಬ್ಬನನ್ನು ನಾನು ಕಂಡಿಲ್ಲ.