ಅವರ ಎಲೆಗೊಂದು ಜೀರಿಗೆ ಮೆಣಸು

ನನ್ನ ಯಜಮಾನರಿಗೆ ಊಟದೆಲೆಯ ತುದಿಯಲ್ಲಿ ಒಂದು ಜೀರಿಗೆ ಮೆಣಸು ಇರಲೇಬೇಕಿತ್ತು. ಉಗುರಿನಷ್ಟು ಕಾಯಿ, ಕಚ್ಚಿದರೆ ಕಿವಿಯಲ್ಲಿ ಹೊಗೆ. ಸದಾಶಿವಗಡದ ನಮ್ಮ ಹಿತ್ತಲಲ್ಲಿ ಬಾವಿಯ ಬದಿಗೆ ತಾನಾಗಿ ಹುಟ್ಟಿದ ಗಿಡ. ಬಣ್ಣಕ್ಕೆ ಬ್ಯಾಡಗಿ, ಮೀನಸಾರಿಗೆ ಗೋವಾ ಗಡಿಯಾಚೆಯ ಕಾಣಕೋಣದ ಮೆಣಸು, ಗಂಜಿಗೆ ಮಾತ್ರ ಜೀರಿಗೆ ಮೆಣಸು ಎಂದು ಅತ್ತೆಯವರ ಟೈಮ್‌ಟೇಬಲ್ ಇತ್ತು. ಇವರು ಅದನ್ನು ಪಾಲಿಸಿದವರಲ್ಲ. ಪಾಯಸದ ಜೊತೆಗೂ ಕಚ್ಚುತ್ತಿದ್ದರು.

ಹಾಗಾಗಿ ಅವರ ಮೊದಲ ವರ್ಷದ ಶ್ರಾದ್ಧಕ್ಕೆ ಅಣಿಮಾಡುವಾಗ ನನಗೆ ಸಂಕಟ. ಆ ಅಡುಗೆಗೆ ಬಟಾಟೆ ಇಲ್ಲ, ಟೊಮೆಟೊ ಇಲ್ಲ, ಮೆಣಸಿನಕಾಯಿಯಂತೂ ಇಲ್ಲವೇ ಇಲ್ಲ. ಖಾರಕ್ಕೆ ಕಾಳುಮೆಣಸು ಮಾತ್ರ. ವರ್ಷಕ್ಕೊಮ್ಮೆ ಉಣ್ಣಲು ಬರುವ ಮನುಷ್ಯನನ್ನು ಬೇಕಾದದ್ದೊಂದನ್ನೂ ಇಡದೆ ಕಳಿಸುವುದೇ?

ಭಟ್ಟರು ಹೈಸ್ಕೂಲಿನಲ್ಲಿ ನನ್ನ ಹತ್ತಿರ ಹಿಸ್ಟರಿ ಕಲಿತವರು. ಧೈರ್ಯ ಮಾಡಿ ಕೇಳಿಯೇಬಿಟ್ಟೆ.

“ಆಗೂದಿಲ್ಲ ಅಕ್ಕೋರೆ,” ಎಂದರು ದರ್ಭೆ ಬಿಡಿಸುತ್ತ. “ಮೆಣಸಿನಕಾಯಿ ಪೋರ್ಚುಗೀಸರು ಹಡಗಲ್ಲಿ ತಂದದ್ದು ಅಂತ ನೀವೇ ಕಲಿಸಿದ್ರಿ ಅಲ್ರಾ? ನಾ ಮರ್ತೆ ಅಂತ ಬೆಂಚ್ ಮೇಲೆ ನಿಲ್ಸಿದ್ರಿ. ಹಿರಿಯರಿಗೆ ಪರಿಚಯ ಇಲ್ಲದ್ದು ಅದು.”

“ಇವ್ರಿಗೆ ಪರಿಚಯ ಇತ್ತಲ್ರಾ ಭಟ್ಟರೆ! ಇವ್ರ ಅಪ್ಪನಿಗೂ ಇತ್ತು, ಅಜ್ಜನಿಗೂ ಇತ್ತು. ಪಿಂಡ ಇಡೂದು ಆ ಮೂವರಿಗೇ ಅಲ್ವಾ?”

“ಪಾಯಿಂಟ್ ಹೌದು. ಆದ್ರೆ ನಾ ಮಂತ್ರ ಕಲ್ತವ, ನಿಮ್ಮಷ್ಟು ವಾದ ಕಲ್ತವ ಅಲ್ಲ.”

ಎಂಥ ಕ್ಯೂರಿಯಸ್ ಸಂಗತಿ ಎಂದು ಒಲೆಯ ಮುಂದೆ ಯೋಚಿಸುತ್ತಲೇ ಇದ್ದೆ. ಕಾನ್ವೆಂಟಿನ ಸಿಸ್ಟರ್ ಪೆಪ್ಪರ್ ಬೇರೆ, ಚಿಲ್ಲಿ ಬೇರೆ ಎಂದು ಕಲಿಸಿದ್ದರು. ನಮಗೆ ಎರಡೂ ಮೆಣಸೇ. ಬಾಡಿಗೆಗೆ ಬಂದವನು ಮನೆಯ ಹೆಸರನ್ನೇ ತನ್ನದು ಮಾಡಿಕೊಂಡ. ಮನೆಯ ಯಜಮಾನ ‘ನಾನು ಕಾಳುಮೆಣಸು’ ಎಂದು ಗುರುತು ಹೇಳಿಕೊಳ್ಳಬೇಕಾಯಿತು. ಇಷ್ಟೆಲ್ಲ ಆದ ಮೇಲೂ ಶ್ರಾದ್ಧದ ದಿನ ಮಾತ್ರ ಆ ಬಾಡಿಗೆಯವನು ಫಾರಿನರ್!

ನನ್ನ ಮುಖ ನೋಡಿ ಭಟ್ಟರಿಗೆ ಪಾಪ ಅನ್ನಿಸಿರಬೇಕು. “ಎಲೆಯಲ್ಲಿ ಬೇಡ ಅಕ್ಕೋರೆ,” ಎಂದರು ಮೆಲ್ಲಗೆ. “ಕಾಗೆಗೆ ಇಡೂ ಕಟ್ಟೆ ಮೇಲೆ, ಎಲೆಯಿಂದ ಹೊರಗೆ ಎಂತ ಬಿದ್ಕಂಡದೆ ಅಂತ ನಾ ನೋಡೂಕೆ ಹೋಗೂದಿಲ್ಲ.”

ಕೆಂಪಾದದ್ದೊಂದನ್ನು ಆರಿಸಿ ತಂದು ಇಟ್ಟೆ. ಕಾಗೆ ಬಂತು, ವಡೆ ಎತ್ತಿಕೊಂಡು ಹೋಯಿತು. ಮೆಣಸಿನತ್ತ ತಿರುಗಿಯೂ ನೋಡಲಿಲ್ಲ.

“ಅಪ್ಪ ಉಂಡ್ರಲ್ಲ, ನೀನೂ ಏಳು ಆಯಿ,” ಎಂದ ಮಗ.

ನಾನು ಏಳಲಿಲ್ಲ. ಉಳಿದವರ ಊಟವಾಗಿ, ಭಟ್ಟರು ಸ್ಕೂಟರ್ ಹತ್ತಿ ಹೋದ ಮೇಲೆ ಒಂದು ಪಿಕಳಾರ ಹಕ್ಕಿ ಕಟ್ಟೆಯ ಮೇಲೆ ಬಂದು ಕೂತಿತು. ಅತ್ತಿತ್ತ ನೋಡಿತು. ಅನ್ನ ಬಿಟ್ಟು ಆ ಮೆಣಸನ್ನೇ ಕಚ್ಚಿಕೊಂಡು ಹಾರಿತು. ಹಕ್ಕಿಗಳ ನಾಲಿಗೆಗೆ ಮೆಣಸಿನ ಖಾರ ತಾಗುವುದಿಲ್ಲವೆಂದು ಎಲ್ಲೋ ಓದಿದ್ದೆ.

ಇವರೂ ಹಾಗೆಯೇ. ಬಡಿಸಿದ ಹೊತ್ತಿಗೆ ಊಟಕ್ಕೆ ಬಂದವರೇ ಅಲ್ಲ.