ತೊಂಬತ್ತೊಂಬತ್ತು ಕುರಿ ಯಾರ ಸುಪರ್ದಿಗೆ?

ಆ ಮಧ್ಯಾಹ್ನ ನಾನು ಬಾಡಿಗೆಗಿದ್ದ ಮನೆಯ ಕಟ್ಟೆಯ ಮೇಲೆ ನಾವು ಮೂವರಿದ್ದೆವು: ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದ ಮನೆಯೊಡತಿ ಆಯಿ, ಕಂಬಕ್ಕೆ ಬೆನ್ನು ಕೊಟ್ಟು ಎಲೆ ಅಡಿಕೆ ಮೆಲ್ಲುತ್ತಿದ್ದ ಕುರಿಗಾರ ಅಜ್ಜ, ಹಾಳೆ ಹಿಡಿದು ಬೆವರುತ್ತಿದ್ದ ನಾನು. ಅಜ್ಜ ಮತ್ತವನ ಅಳಿಯ ಕುಷ್ಟಗಿ ಕಡೆಯಿಂದ ಹಿಂಡು ಹೊಡೆದುಕೊಂಡು ಬಂದು, ಭತ್ತ ಕೊಯ್ದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿ ನಿಲ್ಲಿಸುತ್ತಿದ್ದರು.

ನಮ್ಮ ಕ್ರೈಸ್ತ ಸಭೆಯವರು ಮಿಜೋರಾಂನ ಬೆಟ್ಟದ ಊರಿನಿಂದ ನನ್ನನ್ನು ಸೇವೆಗೆಂದು ಗಂಗಾವತಿಗೆ ಕಳಿಸಿ ವರ್ಷ ತುಂಬುತ್ತ ಬಂದಿತ್ತು. ದೇಶ ಒಂದೇ ಅನ್ನುತ್ತಾರೆ. ಮೊದಲ ದಿನ ಬಸ್ ಇಳಿದು ನಿಂತಾಗ ನನಗಿದು ಪರದೇಶವೇ. ಬೆಳಗ್ಗೆ ಪ್ರಾರ್ಥನೆ, ನಳ ಬಂದರೆ ಆಯಿಗೂ ಸೇರಿಸಿ ಎಂಟು ಕೊಡ ನೀರು, ಆಮೇಲೆ ಸೈಕಲ್ ಹತ್ತಿ ದವಾಖಾನೆಗೆ. ಜೊತೆಗೆ ಯಾರೂ ಇಲ್ಲದ ರೋಗಿಗಳಿಗೆ ಬಿಸಿನೀರು, ಗಂಜಿ ತಂದುಕೊಟ್ಟು ಪಕ್ಕದಲ್ಲಿ ಕೂರುವುದು. ಮಧ್ಯಾಹ್ನ ಈ ಕಟ್ಟೆ. ನನ್ನ ಕನ್ನಡ ಸಾಲಿ ಇದೇ. ಆಯಿ ಹೇಳಿದಂತೆ ಹೇಳುತ್ತಿದ್ದೆ. ಅಜ್ಜ ನಕ್ಕರೆ ತಿದ್ದಿಕೊಳ್ಳುತ್ತಿದ್ದೆ.

ಬರುವ ಭಾನುವಾರ ನನ್ನ ಮೊದಲ ಕನ್ನಡ ಪ್ರಸಂಗ, ಅಂದರೆ ಆರಾಧನೆಯಲ್ಲಿ ಮಾಡುವ ಬೋಧನೆ. ಕೇಳಲು ಹಿರಿಯ ಪಾಸ್ಟರು ಬರುವವರಿದ್ದರು. ಜನಕ್ಕೆ ಮುಟ್ಟುವಂತೆ ಮಾತಾಡಿದರೆ ಇಲ್ಲೇ ಇರು, ಇಲ್ಲವಾದರೆ ಊರಿಗೆ ಮರಳು ಎಂದು ಮೊದಲೇ ಹೇಳಿದ್ದರು. ಮರಳಲು ನನಗೆ ಮನಸ್ಸಿರಲಿಲ್ಲ.

ಬೈಬಲಿನ ತಪ್ಪಿಹೋದ ಕುರಿಯ ಕತೆ ಆರಿಸಿಕೊಂಡಿದ್ದೆ. ನೂರು ಕುರಿಯಿದ್ದ ಕುರುಬನೊಬ್ಬ, ಒಂದು ತಪ್ಪಿತೆಂದು ಉಳಿದ ತೊಂಬತ್ತೊಂಬತ್ತನ್ನು ಅಡವಿಯಲ್ಲೇ ಬಿಟ್ಟು ಹುಡುಕಲು ಹೊರಟ ಎಂದು ಓದುವಷ್ಟರಲ್ಲಿ ಅಜ್ಜ ಕೈಯೆತ್ತಿದ.

“ನಿಲ್ಲಪಾ. ಆ ತೊಂಬತ್ತೊಂಬತ್ತು ಯಾರ ಸುಪರ್ದಿಗೆ ಕೊಟ್ಟ?”

“ಯಾರಿಗೂ ಇಲ್ರಿ ಅಜ್ಜಾರ. ಬಿಟ್ಟು ಹೋದ.”

“ಹಂಗ? ಅಡವ್ಯಾಗ?” ಅಜ್ಜ ಆಯಿಯ ಕಡೆ ತಿರುಗಿದ. “ಕೇಳಿದ್ಯೇನವಾ ತಂಗಿ, ಇಂವನ ಕುರುಬನ್ನ! ಒಂದರ ಸಲುವಾಗಿ ಹಿಂಡೆಲ್ಲಾ ತೋಳದ ಬಾಯಿಗೆ ಹಾಕ್ಯಾನ.”

“ಪಾದ್ರಿ ತಮ್ಮಾ, ನಿಮ್ಮೂರಾಗ ಕುರಿ ಇಲ್ಲೇನೋ?” ಅಂದಳು ಆಯಿ.

“ಇಲ್ರಿ ಆಯಿ. ನಮ್ಮ ಮನ್ಯಾಗ ಹಂದಿ ಇದ್ವು.”

ಆಯಿ ಮೊರವನ್ನು ಒಂದು ಗೇಣು ಹಿಂದಕ್ಕೆಳೆದುಕೊಂಡಳು. “ಶಿವನೇ! ಅಕ್ಕಿ ಮುಂದ ಅದನ್ನೆಲ್ಲಾ ಹೇಳಬ್ಯಾಡೋ.”

ಅಜ್ಜ ನಗಲಿಲ್ಲ. “ನೋಡಪಾ, ನಾ ಇಲ್ಲಿ ಆರಾಮ ಕುಂತೀನಿ. ಯಾಕ? ಅಲ್ಲಿ ನನ್ನ ಅಳಿಯ ಅದಾನ. ಕುರುಬ ಒಬ್ಬನ ಹೋಗಂಗಿಲ್ಲ, ಜೋಡಿದಾರ ಇದ್ದ ಇರ್ತಾನ. ಹುಡುಕಾಂವನ್ನ ಹೇಳು, ಭಾಳ ಛಲೋ, ಕಾಯಾಂವನ್ನೂ ಹೇಳು. ಇಲ್ಲಾಂದ್ರ ನಮ್ಮ ಮಂದಿ ನಿನ್ನ ಕತಿ ಕೇಳಂಗಿಲ್ಲ, ಬರೇ ಆ ತೊಂಬತ್ತೊಂಬತ್ತರ ಚಿಂತಿ ಮಾಡ್ಕೋತ ಕುಂದರ್ತಾರ.”

ಗ್ರಂಥದಲ್ಲಿಲ್ಲದ ಜೋಡಿದಾರನನ್ನು ನಾನೆಲ್ಲಿಂದ ತರಲಿ, ಅದೂ ಹಿರಿಯರ ಎದುರು? ಎರಡು ದಿನ ಜೋಡಿದಾರನ ಆ ಒಂದು ಸಾಲನ್ನು ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ. ಕೊನೆಗೆ ಆ ಸಾಲು ಹೊಡೆದುಹಾಕಿದ ಹಾಳೆಯನ್ನೇ ಹಿಡಿದು ಹೋದೆ.

ಭಾನುವಾರ ತಗಡಿನ ಚಾವಣಿಯ ಕೆಳಗೆ ಜನ ತುಂಬಿದ್ದರು. ಕುರುಬ ಹೊರಟ ಎಂದ ಕೂಡಲೇ ಮುಂದಿನ ಸಾಲಿನಲ್ಲಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದ ಹೆಂಗಸಿನ ಕೈ ನಿಂತಿತು. ಎಲ್ಲರ ಹುಬ್ಬಿನಲ್ಲೂ ಅಜ್ಜನ ಪ್ರಶ್ನೆಯೇ. ಹಾಳೆ ಮಡಚಿದೆ.

“ಇದು ಗ್ರಂಥದಾಗ ಇಲ್ರಿ. ಆದ್ರ ನಮ್ಮ ಕಡೆ ಕುರುಬರು ಹೇಳ್ತಾರ, ಹಿಂಡು ಜೋಡಿದಾರನ ಸುಪರ್ದಿಗೆ ಕೊಟ್ಟ ಹೋಗಿರ್ತಾನ ಅಂತ.”

“ಹಾಂ, ಈಗ ಹುಡುಕಾಕ ಹೋಗ್ಲಿ ಬಿಡ್ರಿ!” ಹಿಂದಿನಿಂದ ಯಾರೋ ಅಂದರು. ನಗೆ ಎದ್ದಿತು. ಆಮೇಲೆ ಕತೆ ತಾನೇ ನಡೆಯಿತು.

ಮುಗಿದ ಮೇಲೆ ಹಿರಿಯರು ಹೊರಗೆ ಕರೆದರು. “ಗ್ರಂಥದಾಗ ಇಲ್ಲ ಅಂತ ನೀನ ಹೇಳಿದಿ, ಅದು ಛಲೋ ಆತು. ‘ನಮ್ಮ ಕಡೆ’ ಅಂದ್ಯಲ್ಲ, ಅದ್ಯಾವ ಕಡೆಪಾ?”

“ಇದ ರೀ, ಈ ಕಡೆ.”

“ಹಂಗಾರ ಇಲ್ಲೇ ಇರು,” ಎಂದು ಚಪ್ಪಲಿ ಮೆಟ್ಟಿಕೊಂಡರು.

ಹತ್ತು ದಿನ ಕಳೆದಿರಬೇಕು. ಬೆಳಗ್ಗೆ ಕೊಡ ಇಳಿಸುತ್ತಿದ್ದೆ, ಅಜ್ಜ ಬಾಗಿಲಿಗೆ ಬಂದ. “ಅಳಿಯ ಮದುವಿಗಂತ ಅಳವಂಡಿಗೆ ಹೋಗ್ಯಾನ. ಒಂದು ಮರಿ ತಪ್ಪೈತಿ. ನಡಿ.” ಗದ್ದೆಗೆ ಕರೆದೊಯ್ದು, ತನ್ನ ಕೋಲು ನನ್ನ ಕೈಗಿಟ್ಟು, ಕಾಲುವೆ ದಂಡೆ ಹಿಡಿದು ಹೋದ. ಮಧ್ಯಾಹ್ನದವರೆಗೂ ನಾನು ಕುರಿ ಎಣಿಸಿದೆ. ಎಣಿಸಿದಷ್ಟು ಸಲವೂ ಬೇರೆ ಬೇರೆ ಲೆಕ್ಕ. ಅಜ್ಜ ಮರಿಯನ್ನು ಕಂಕುಳಲ್ಲಿ ಇರುಕಿಕೊಂಡು ಬಂದ, ಹಿಂಡಿನ ಮೇಲೆ ಒಮ್ಮೆ ಕಣ್ಣಾಡಿಸಿದ.

“ಎಲ್ಲಾ ಅದಾವ,” ಅಂದು ಕೋಲು ಇಸಿದುಕೊಂಡ.